ಬಚ್ಚಲ ನೀರು ಮತ್ತು ತಾತನ ರೈಲು

ಮಕ್ಕಳೇ, ನಿಮ್ಮ ತಾತ ಲಿಂಗಸುಗೂರು–ಸಿಂಧನೂರು ಬಸ್ಸಿನ ಡ್ರೈವರ್ ಆಗಿದ್ದರು. ಜೀವನವೆಲ್ಲ ಬಸ್ಸು ಓಡಿಸಿದರೂ ಹುಚ್ಚು ಮಾತ್ರ ರೈಲಿನದು. ನಿವೃತ್ತರಾದ ಮೇಲೆ ಗುಂತಕಲ್ಲಿನಿಂದ ಹಳೆಯ ಆಟದ ರೈಲೊಂದನ್ನು ತಂದು, ಮಸ್ಕಿಯ ಈ ಮನೆಯ ಪಡಸಾಲೆಯಲ್ಲಿ ಹಳಿ ಜೋಡಿಸಿದರು. ಅದಕ್ಕೆ ಕರೆಂಟು ಕೊಡುವ ಟ್ರಾನ್ಸ್‌ಫಾರ್ಮರ್ ಒಂದು ಕಬ್ಬಿಣದ ಡಬ್ಬಿ. ಮೊದಲ ಬೇಸಿಗೆಯಲ್ಲಿ ನೀವೆಲ್ಲ ಊಟ ಬಿಟ್ಟು ಅದರ ಸುತ್ತ ಕೂತಿದ್ದಿರಿ.

ಮರುವರ್ಷ ಹಳಿ ಮುಟ್ಟಿದರೆ ಕೈ ಜುಮ್ಮೆನ್ನತೊಡಗಿತು.

“ತಾತಾ, ರೈಲು ಕಡೀತೈತಿ!”

“ಟಿಕೆಟ್ ತಗೊಂಡಿಲ್ಲಲ್ಲ, ಅದಕ್ಕ ಕಡೀತೈತಿ,” ಎಂದು ನಕ್ಕರು. ಹಳಿಗೆ ಟೆಸ್ಟರ್ ಹಚ್ಚಿ ನೋಡಿದಾಗ ಅದರೊಳಗಿನ ದೀಪ ಕೆಂಪಗೆ ಹೊತ್ತಿತು. ನಗು ನಿಂತಿತು.

ಡಬ್ಬಿ ಬಿಚ್ಚಿದರು, ವೈರು ಬದಲಿಸಿದರು, ಧೂಳು ಒರೆಸಿದರು. ದೀಪ ಹೊತ್ತುತ್ತಲೇ ಇತ್ತು. ಸಿಂಧನೂರಿನ ರಿಪೇರಿ ಅಂಗಡಿಗೆ ಒಯ್ದರೆ ಅಲ್ಲಿ ಹೊತ್ತಲಿಲ್ಲ.

“ಡ್ರೈವರ್ ಸಾಹೇಬ್ರ, ಇದಕ್ಕೇನೂ ಆಗಿಲ್ರಿ. ಬಸ್ಸಿನ್ಯಾಗ ಕುಂತು ಬಂದು ಆರಾಮಾಗೈತಿ,” ಎಂದನಂತೆ ಅಂಗಡಿಯವನು.

ಮನೆಗೆ ತಂದರೆ ಮತ್ತೆ ಅದೇ.

“ನನ್ನ ಕೈಗುಣಾನ ಹೋತು ಬಿಡು,” ಎಂದು ಈ ಅಜ್ಜಿಗೆ, ನನಗೆ, ಹೇಳಿ ಎಲ್ಲವನ್ನೂ ಟ್ರಂಕಿನಲ್ಲಿಟ್ಟರು. ಆಮೇಲೆ ರಜೆಗೆ ಬಂದಾಗ ನೀವು ಫೋನ್ ಹಿಡಿದು ಕೂತಿರಿ. ಅವರು ಕಟ್ಟೆಯ ಮೇಲೆ ಕೂತರು. ಹಾಗೆಯೇ ಹೋಗಿಬಿಟ್ಟರು.

ಹೋದ ಬೇಸಿಗೆಯಲ್ಲಿ ಒಳಗಿನ ಬಚ್ಚಲಿನ ಪೈಪು ಕಟ್ಟಿಕೊಂಡು ನೀರು ಹಿತ್ತಲಿಗೆ ಹರಿಯಿತು. ಅಂದು ಫ್ರಿಜ್ಜಿನ ಬಾಗಿಲು ನನ್ನ ಕೈಗೆ ಜುಮ್ಮೆನ್ನಲಿಲ್ಲ. ಬರಿಗಾಲಲ್ಲಿ ಮುಟ್ಟಿದರೆ ದಿನವೂ ಜುಮ್ಮೆನ್ನುತ್ತಿತ್ತು. ಹಳೆಯ ಫ್ರಿಜ್ಜು, ಇರಲಿ ಎಂದುಕೊಂಡಿದ್ದೆ. ಮತ್ತೆ ಮತ್ತೆ ಮುಟ್ಟಿ ನೋಡಿದೆ. ಆಗ ನೆನಪಾಯಿತು. ಮನೆಗೆ ವೈರಿಂಗ್ ಮಾಡಿಸಿದಾಗ ನಿಮ್ಮ ತಾತ, ಸೋರಿದ ಕರೆಂಟನ್ನು ಭೂಮಿಗಿಳಿಸುವ ಅರ್ಥಿಂಗಿನ ಕಂಬಿಯನ್ನು ಉಪ್ಪು, ಇದ್ದಿಲು ಹಾಕಿ ಹಿತ್ತಲಿನ ಹಳೆಯ ಬಚ್ಚಲಿನ ಪಕ್ಕ ಹೂಳಿಸಿದ್ದರು. ನಮ್ಮ ಎರೆಮಣ್ಣು ಬೇಸಿಗೆಗೆ ಬಿರಿಯುತ್ತದೆ; ಮೈ ತೊಳೆದ ನೀರು ಅಲ್ಲಿಗೆ ಹರಿದರೆ ತೇವ ಆರುವುದಿಲ್ಲವೆಂದು.

ರೈಲಿನ ಆ ಮೊದಲ ಬೇಸಿಗೆ ಕಳೆದ ಮೇಲೆ ನನಗೆ ಮೊಣಕಾಲು ನೋವು ಶುರುವಾಗಿ, ಅವರು ಒಳಗೇ ಹೊಸ ಬಚ್ಚಲು ಕಟ್ಟಿಸಿದರು. ನೀರು ಪೈಪಿನಲ್ಲಿ ಗಟಾರಕ್ಕೆ ಹೋಯಿತು, ಕಂಬಿ ಹೂಳಿದ ಗುಂಡಿ ಒಣಗಿತು. ಫ್ರಿಜ್ಜಿನಿಂದ ಸೋರಿ ಭೂಮಿಗೆ ಇಳಿಯಬೇಕಾದ ಕರೆಂಟು ದಾರಿಯಿಲ್ಲದೆ ಅರ್ಥಿಂಗಿನ ವೈರು ಹಿಡಿದು ರೈಲಿನ ಡಬ್ಬಿಗೆ, ಅಲ್ಲಿಂದ ಹಳಿಗೆ ಬರುತ್ತಿತ್ತು. ನನ್ನ ಕಾಲಿಗೆ ಸುಖವಾಗಲೆಂದು ಮಾಡಿಸಿದ್ದು ಅವರ ರೈಲಿಗೆ ಮುಳುವಾಯಿತು. ಇಬ್ಬರಿಗೂ ಹೊಳೆಯಲಿಲ್ಲ.

ವೈರ್‌ಮನ್‌ನನ್ನು ಕರೆಸಿ ಫ್ರಿಜ್ಜು ನೋಡಿಸಿದೆ, ಹೊಸ ಕಂಬಿ ಹೂಳಿಸಿದೆ. ಟ್ರಂಕು ತೆಗೆದು, ಹಳಿ ಜೋಡಿಸಿ ಕರೆಂಟು ಕೊಟ್ಟು, ಅವರು ಕಲಿಸಿದಂತೆ ಹಳಿಗೆ ಟೆಸ್ಟರ್ ಹಚ್ಚಿದೆ.

“ದೀಪ ಹತ್ತಲಿಲ್ಲ ನೋಡ್ರಿ,” ಎಂದೆ, ಮನೆಯಲ್ಲಿ ಯಾರೂ ಇಲ್ಲದಿದ್ದರೂ.

ಈ ಸಲ ಬಂದಾಗ ಹೆದರದೆ ಹಳಿ ಮುಟ್ಟಿರಿ, ಮಕ್ಕಳೇ. ನಿಮ್ಮ ತಾತ ಬಿಚ್ಚಿ ಜೋಡಿಸಿದ್ದರಲ್ಲಿ ಒಂದು ತಿರುಪೂ ತಪ್ಪಿರಲಿಲ್ಲ.