ಜೇಬಿನಲ್ಲಿ ನಡುಗುವ ಫೋನು

ಸಾಣೆಯವರು ಎಂದರೆ ಈ ಬೀದಿಗಳಲ್ಲಿ ಎಲ್ಲರಿಗೂ ಗೊತ್ತು. ಅವರೇ ನಮ್ಮನೆಯವರು. ಸೈಕಲ್ಲಿನ ಹ್ಯಾಂಡಲ್ ಹತ್ತಿರ ಸಾಣೆಕಲ್ಲು ಕೂರಿಸಿದ್ದಾರೆ. ಸ್ಟ್ಯಾಂಡ್ ಹಾಕಿ ಪೆಡಲ್ ತುಳಿದರೆ ಕಲ್ಲು ತಿರುಗುತ್ತದೆ. ಮದುವೆಗೆ ಮುಂಚಿನಿಂದಲೂ ಅದರ ಮೇಲೆ ಬಗ್ಗಿ ಕತ್ತರಿ, ಚಾಕು ಹಿಡಿದವರು. ಆ ಕಿರ್ರೆನ್ನುವ ಸದ್ದಿಗೆ ನನಗಂತೂ ಹಲ್ಲು ಜುಮ್ಮೆನ್ನುತ್ತದೆ.

ಒಂದು ಬಸ್ಸು ಅವರ ಹೆಗಲು ಸವರಿಕೊಂಡು ಹೋದ ಮೇಲೆ ಮಗಳು ಸುಮ್ಮನಿರಲಿಲ್ಲ. ಕ್ಯಾರಿಯರ್ ಕೆಳಗೆ ಬೆಂಕಿಪೊಟ್ಟಣದಷ್ಟು ಪೆಟ್ಟಿಗೆಯೊಂದನ್ನು ಕಟ್ಟಿದಳು. ಹಿಂದಿನಿಂದ ಗಾಡಿ ಹತ್ತಿರ ಬಂದರೆ ಅದು ಫೋನಿಗೆ ತಿಳಿಸುತ್ತದಂತೆ, ಫೋನು ಅಂಗಿ ಜೇಬಿನಲ್ಲಿ ನಡುಗುತ್ತದಂತೆ. ಇನ್ನೊಂದು ಬಸ್ಸು ಹಾಗೇ ಬಂದರೆ ನಮ್ಮ ಗತಿಯೇನು ಎಂದು ನಾನೂ ಹೂಂ ಅಂದೆ.

ಶುರುವಾಯಿತು ನೋಡಿ ತಲೆನೋವು. ಫೋನು ಸುಮ್ಮಸುಮ್ಮನೆ ನಡುಗುತ್ತದೆ, ಹಿಂದೆ ಏನೂ ಬರುತ್ತಿರುವುದಿಲ್ಲ ಎಂದು ಇವರು. ಎಲ್ಲ ಸರಿಯಿದೆ ಎಂದು ಮಗಳು. ಆಮೇಲೆ ಎಲ್ಲಿಂದಲೋ ಒಂದು ಕಾರು ಪಕ್ಕದಲ್ಲೇ ನುಗ್ಗುತ್ತದೆ, ಈಗಿನ ಗಾಡಿಗಳಿಗೆ ಸದ್ದೇ ಇಲ್ಲ ಎಂದು ಮತ್ತೆ ಇವರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅಡುಗೆಮನೆಯಿಂದಲೇ ಚುಚ್ಚಿದೆ. ಇವರು ಕತ್ತರಿ ಒರೆಸುತ್ತಲೇ ಇದ್ದರು. ಕೂಗಿದರೆ ಓಗೊಡುವ ಗಂಡಸೇ ಅಲ್ಲ ಇವರು, ಅಷ್ಟು ಜಂಬ. ಆದರೆ ಸುಳ್ಳು ಹೇಳುವವರೂ ಅಲ್ಲ. ಹಾಗಾದರೆ ಫೋನು ಸುಳ್ಳೇ? ನನಗೊಂದೂ ಬಗೆಹರಿಯಲಿಲ್ಲ. ಪೆಟ್ಟಿಗೆ ಕಿತ್ತು ಬಿಸಾಡುತ್ತೇನೆ ಎಂದು ಇವರು ಹಟ ಹಿಡಿದಾಗ, ನಾನೇ ನೋಡಿಬಿಡುತ್ತೇನೆ ಎಂದು ಕ್ಯಾರಿಯರ್ ಹತ್ತಿ ಕುಳಿತೆ.

ಆಸ್ಪತ್ರೆ ರಸ್ತೆಗೆ ತಿರುಗಿದ್ದೇ ತಡ, ಬೆನ್ನ ಹಿಂದೆ ಲಾರಿ. ಅದು ಹಾರ್ನ್ ಹೊಡೆದ ರಭಸಕ್ಕೆ ನನ್ನ ಜೀವ ಬಾಯಿಗೆ ಬಂತು. ಇವರು ಹಿಂದೆ ತಿರುಗಿಯೂ ನೋಡದೆ, ನಡುರಸ್ತೆಯಲ್ಲೇ ಆರಾಮಾಗಿ ತುಳಿಯುತ್ತಾ ಜೇಬು ತಟ್ಟಿಕೊಂಡರು.

"ನೋಡಿದ್ಯಾ, ಮತ್ತೆ ನಡುಗ್ತಿದೆ. ಹಿಂದೆ ಏನಾದ್ರೂ ಇದ್ಯಾ, ನೀನೇ ಹೇಳು."

ಪಕ್ಕಕ್ಕೆ ಹೋಗಿ ಎಂದು ಕಿರುಚಿದೆ. ಹೋಗಲಿಲ್ಲ. ಗಂಟಲು ಹರಿಯುವಂತೆ ಮತ್ತೆ ಕಿರುಚಿದೆ. ಕೊನೆಗೆ ಅಂಗಿ ಹಿಡಿದು ಪಕ್ಕಕ್ಕೆ ಎಳೆದೆ. ಸೈಕಲ್ಲು ಚರಂಡಿ ಕಟ್ಟೆಗೆ ಗುದ್ದಿ ನಿಂತಿತು. ಲಾರಿ ಹಾರ್ನ್ ಒತ್ತಿಕೊಂಡೇ ಮುಂದೆ ಹೋಯಿತು. ಫೋನು ಸುಳ್ಳು ಹೇಳಿರಲಿಲ್ಲ, ಇವರೂ ಹೇಳಿರಲಿಲ್ಲ. ಆ ಕಲ್ಲು ಇವರ ಕಿವಿಯನ್ನು ತಿಂದುಹಾಕಿತ್ತು.

ಇವರು ಕಾಲೂರಿ, ಹೋಗುತ್ತಿದ್ದ ಲಾರಿಯನ್ನೇ ಪೆಚ್ಚಾಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಇಷ್ಟು ಹತ್ರ ಬರೋವರೆಗೂ ಸುಮ್ನೆ ಕೂತಿದ್ಯಲ್ಲೇ. ಒಂದು ಮಾತು ಹೇಳಬಾರದಿತ್ತಾ?"