ಅತ್ತಿಗೆ ಬರೆದ ಗುಂಡಿ

ನನ್ನ ಅತ್ತಿಗೆಗೆ ಚಿತ್ರ ಬರೆಯೋದನ್ನು ಯಾರೂ ಕಲಿಸಿದ್ದಲ್ಲ. ಅವಳು ದರ್ಜಿ. ನಮ್ಮ ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಎರಡು ಹೊಲಿಗೆ ಯಂತ್ರ, ಒಂದು ಉದ್ದನೆಯ ಮೇಜು, ಗೋಡೆಗೆ ಆನಿಸಿಟ್ಟ ಆಳೆತ್ತರದ ಕನ್ನಡಿ, ಮೂಲೆಯಲ್ಲಿ ಸುರುಳಿ ಸುರುಳಿ ಖಾಕಿ ಕಾಗದ. ಬಟ್ಟೆಗೆ ಕತ್ತರಿ ಹಾಕುವ ಮೊದಲು ಆ ಕಾಗದದ ಮೇಲೆ ಅಚ್ಚು ತೆಗೆಯುತ್ತಿದ್ದಳು. ಕಾಲರ್ ಹೀಗಿರುತ್ತೆ, ಜೇಬು ಇಲ್ಲಿ ಬರುತ್ತೆ ಅಂತ ಗಿರಾಕಿಗಳಿಗೆ ಬಾಯಲ್ಲಿ ಹೇಳಿ ಹೇಳಿ ಸಾಕಾಗಿ, ಅದೇ ಕಾಗದದ ಅಂಚಿನಲ್ಲಿ ಸೀಮೆಸುಣ್ಣದಿಂದ ಗೀಚಿ ತೋರಿಸೋಕೆ ಶುರುಮಾಡಿದಳು. ಮೊದಮೊದಲು ಬರೀ ಅಂಗಿ ಬರುತ್ತಿತ್ತು. ಬರಬರುತ್ತಾ ಅಂಗಿಯೊಳಗೆ ಮನುಷ್ಯನೂ ಬಂದ.

ವಿಶೇಷ ಏನೆಂದರೆ ಅವಳು ಮುಖ ಬರೆಯುತ್ತಲೇ ಇರಲಿಲ್ಲ. ಎಲ್ಲರೂ ಬೆನ್ನು ತಿರುಗಿಸಿ ನಿಂತಿರುತ್ತಿದ್ದರು. ಆದರೂ ಯಾರು ಅಂತ ಥಟ್ಟನೆ ಗೊತ್ತಾಗುತ್ತಿತ್ತು.

"ಮುಖ ಎಲ್ಲರೂ ನೋಡ್ತಾರೆ ಕಣೇ," ಅಂತ ಒಮ್ಮೆ ನನಗೆ ಹೇಳಿದ್ದಳು. "ಬೆನ್ನು ನೋಡೋದು ದರ್ಜಿ ಒಬ್ಬಳೇ. ಮುಖದ ಹಾಗೆ ಬೆನ್ನಿಗೆ ಸುಳ್ಳು ಹೇಳೋಕೆ ಬರಲ್ಲ."

ನಾನು ಆಗಲೂ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಅಣ್ಣ ಪುರಸಭೆಯಲ್ಲಿ ಗುಮಾಸ್ತ. ಊರಿಗೆಲ್ಲ ಹೋಗುವ ನೋಟಿಸುಗಳನ್ನು ಟೈಪ್ ಮಾಡುವುದು ಅವನ ಕೆಲಸ. ಜೋರಾಗಿ ಸೀನಿದರೂ ಮೇಲಧಿಕಾರಿಗೆ ಕೇಳಿಸಿತೇನೋ ಅಂತ ಹಿಂದೆ ತಿರುಗಿ ನೋಡುವ ಸ್ವಭಾವದವನು. ನಮ್ಮಮ್ಮ ಮನೆಯ ಯಜಮಾನಿ, ಬೀಗದ ಕೈ ಗೊಂಚಲು ಸದಾ ಅವಳ ಸೊಂಟದಲ್ಲೇ.

ಆ ವರ್ಷ ನಮ್ಮ ಮನೆ ಮುಂದಿನ ಚರಂಡಿ ರಿಪೇರಿ ಅಂತ ಪುರಸಭೆಯವರು ಬಂದು ಅಗೆದರು. ಅಗೆದವರು ಹೋದರು. ಗುಂಡಿ ಉಳಿಯಿತು. ಒಂದು ತಿಂಗಳಾಯಿತು, ಮೂರು ತಿಂಗಳಾಯಿತು. ಅತ್ತಿಗೆ ದಿನಾ ಅಣ್ಣನನ್ನು ಕೇಳುತ್ತಿದ್ದಳು, ಅವನು ದಿನಾ "ಕಡತ ಮೇಲಿದೆ" ಅನ್ನುತ್ತಿದ್ದ.

"ಕಡತ ಮೇಲಿದೆ, ಗುಂಡಿ ಕೆಳಗಿದೆ. ಇವೆರಡೂ ಭೇಟಿಯಾಗೋದು ಯಾವಾಗ್ರೀ?" ಅಂತ ಅವಳು.

ಎಂಟನೇ ತಿಂಗಳಲ್ಲಿ ಬೀದಿಯ ಕೊನೇ ಮನೆಯ ಪೋಸ್ಟ್‌ಮ್ಯಾನ್ ಅಜ್ಜ ಅದರೊಳಗೆ ಬಿದ್ದರು. ಮೂವತ್ತೈದು ವರ್ಷ ಇದೇ ಬೀದಿಗಳಲ್ಲಿ ಸೈಕಲ್ ತುಳಿದು ಒಂದು ದಿನವೂ ಬೀಳದ ಮನುಷ್ಯ. ತೊಡೆಯ ಮೂಳೆ ಮುರಿದು ಮಂಚ ಹಿಡಿದರು. ಅದಾದ ಮುಂದಿನ ವಾರವೇ ಬೀದಿಯ ತಿರುವಿನಲ್ಲಿ ಹೊಸ ನಾಮಫಲಕ ಉದ್ಘಾಟಿಸೋಕೆ ಪುರಸಭೆ ಅಧ್ಯಕ್ಷರು ಬಂದರು. ಇಬ್ಬರು ಹಲಗೆ ಹಿಡಿದು ಅವರನ್ನು ಗುಂಡಿ ದಾಟಿಸಿದರು. ಅವರು ರಿಬ್ಬನ್ ಕತ್ತರಿಸಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಅದೇ ಹಲಗೆ ಮೇಲೆ ವಾಪಸ್ ದಾಟಿ ಹೋದರು. ಹೋಗುವಾಗ ಹಲಗೆಯನ್ನೂ ತೆಗೆದುಕೊಂಡು ಹೋದರು.

ಅತ್ತಿಗೆ ಯಂತ್ರದ ಮುಂದೆ ಕೂತು ಇದನ್ನೆಲ್ಲ ನೋಡಿದ್ದಳು. ಮಾರನೇ ದಿನ ಬೆಳಿಗ್ಗೆ ಅಂಗಡಿ ಬಾಗಿಲಿನ ಹೊರಗೆ ಒಂದು ದೊಡ್ಡ ಖಾಕಿ ಕಾಗದ ತೂಗುತ್ತಿತ್ತು. ಅದರಲ್ಲಿ ಗುಂಡಿಯ ಅಡ್ಡಕ್ಕೆ ರಿಬ್ಬನ್ ಕಟ್ಟಿದೆ. ಒಬ್ಬ ದೊಡ್ಡ ಮನುಷ್ಯ ಬೆನ್ನು ಹಾಕಿ ನಿಂತು ಅದನ್ನು ಕತ್ತರಿಸುತ್ತಿದ್ದಾನೆ. ಗುಂಡಿಯೊಳಗಿಂದ ಎರಡು ಕೈ ಮೇಲೆ ಬಂದು ಚಪ್ಪಾಳೆ ತಟ್ಟುತ್ತಿವೆ.

ಆ ಬೆನ್ನಿನ ಎಡಭುಜ ಬಲಭುಜಕ್ಕಿಂತ ಎರಡು ಬೆರಳು ಇಳಿದಿತ್ತು.

ಇನ್ನೇನು ಬೇಕು? ಅಧ್ಯಕ್ಷರ ಎಡಭುಜ ಇಳಿದಿರೋದನ್ನು ಊರೆಲ್ಲ ನೋಡಿತ್ತು, ಆದರೆ ನೋಡಿದ್ದೇವೆ ಅಂತ ಯಾರಿಗೂ ಹೊಳೆದಿರಲಿಲ್ಲ. ಅವರ ಕೋಟುಗಳನ್ನು ಹೊಲಿಯುತ್ತಿದ್ದವಳೇ ಅತ್ತಿಗೆ. ಎಡಗಡೆ ಹತ್ತಿಯ ಮೆತ್ತೆ ಇಟ್ಟು ಎರಡೂ ಭುಜ ಸಮ ಕಾಣುವ ಹಾಗೆ ಮಾಡುತ್ತಿದ್ದಳು. ಬರೀ ಅಂಗಿಯಲ್ಲಿದ್ದಾಗ ಮಾತ್ರ ಅದು ಕಾಣುತ್ತಿತ್ತು. ಈಗ ಬೀದಿಯವರೆಲ್ಲ ಬಂದು ಚಿತ್ರ ನೋಡಿ ಹೊಟ್ಟೆ ಹಿಡಿದು ನಕ್ಕರು. ಸಂಜೆ ಹೊತ್ತಿಗೆ ಚಹಾ ಅಂಗಡಿಯಲ್ಲಿ ದೊಡ್ಡವರೇ ಎಡಭುಜ ಇಳಿಬಿಟ್ಟುಕೊಂಡು ನಡೆದು ತೋರಿಸುತ್ತಿದ್ದರು. ಅತ್ತಿಗೆಗೂ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಅಣ್ಣ ಮಾತ್ರ ಆ ಸಂಜೆ ಹಿತ್ತಲ ಬಾಗಿಲಿನಿಂದ ಮನೆಗೆ ಬಂದ.

ಮೂರನೇ ದಿನ ಅಧ್ಯಕ್ಷರ ಹೆಂಡತಿ ಬಂದರು. ಕೈಯಲ್ಲಿ ಗಂಡನ ಕೋಟು. ಅಸ್ತರು ಹರಿದಿತ್ತು. ನಾನು ಅಲ್ಲೇ ಗುಂಡಿ ಹಾಕುತ್ತಾ ಕೂತಿದ್ದೆ. ಅಂಗಿಯ ಗುಂಡಿ, ಬೀದಿಯದ್ದಲ್ಲ. ಆಕೆ ಕೋಟನ್ನು ಮೇಜಿನ ಮೇಲಿಟ್ಟರು. ಜಗಳಕ್ಕೆ ಬಂದಿದ್ದಾರೆ ಅಂತಲೇ ನಾನು ಅಂದುಕೊಂಡಿದ್ದೆ.

"ಆ ಭುಜ ಯಾಕೆ ಹಾಗಿದೆ ಗೊತ್ತಾ ನಿಮಗೆ?" ಅಂತ ಕೇಳಿದರು.

"ಇಲ್ಲ," ಅಂದಳು ಅತ್ತಿಗೆ.

"ಹದಿಮೂರು ವರ್ಷಕ್ಕೇ ಮೂಟೆ ಹೊತ್ತವರು ಅವರು. ಯಾವಾಗ್ಲೂ ಒಂದೇ ಭುಜದ ಮೇಲೆ. ಅಪ್ಪ ಇರಲಿಲ್ಲ, ಹಿಂದೆ ಮೂರು ಜನ ತಂಗೀರು. ಮೂವರನ್ನೂ ಓದಿಸಿದ್ದು ಆ ಭುಜಾನೇ." ಅವರ ದನಿ ಏರಲಿಲ್ಲ. "ಗುಂಡಿ ಮುಚ್ಚಿಲ್ಲ ಅಂತ ಬೈರಿ. ಮನೇಲಿ ನಾನೂ ಬೈತೀನಿ. ಆದ್ರೆ ಅವರು ನಿಮಗೆ ಬೆನ್ನು ಕೊಟ್ಟು ನಿಂತಿದ್ದು ಅಳತೆಗೆ ಅಂತ. ಊರು ನಗಲಿ ಅಂತ ಅಲ್ಲ."

ಅತ್ತಿಗೆ ಕೋಟು ತೆಗೆದುಕೊಂಡು ಅಸ್ತರು ನೋಡಿದಳು. "ಗುರುವಾರ ಕೊಡ್ತೀನಿ," ಅಂದಳು. ಆಕೆ ಹೋದ ಮೇಲೆ ಎದ್ದು ಹೋಗಿ ಚಿತ್ರವನ್ನು ಕೆಳಗಿಳಿಸಿ, ಸುತ್ತಿ, ಮೇಜಿನ ಕೆಳಗೆ ತಳ್ಳಿದಳು.

ಮಧ್ಯಾಹ್ನ ಊಟಕ್ಕೆ ಬಂದ ಅಣ್ಣ ಖಾಲಿ ಬಾಗಿಲು ನೋಡಿ, ಬಂದ ಗಂಡಾಂತರ ಕಳೀತು ಅಂತ ಎರಡು ತುತ್ತು ಹೆಚ್ಚೇ ಉಂಡ. ಅತ್ತಿಗೆ ಉಣ್ಣಲಿಲ್ಲ. ನನ್ನ ಕಡೆ ತಿರುಗಿ, "ನಾನು ತಪ್ಪು ಮಾಡಿದೆ ಕಣೇ. ನನ್ನನ್ನ ನಂಬಿ ತೋರಿಸಿದ್ದನ್ನ ಬೀದಿಗೆ ತಂದೆ," ಅಂದಳು. ಅದರ ಬೆನ್ನಿಗೇ, "ಆದ್ರೆ ಅಜ್ಜನ ಕಾಲು ಮುರಿದಿದ್ದು ಸುಳ್ಳಲ್ವಲ್ಲ," ಅಂದಳು.

ಆ ಮಧ್ಯಾಹ್ನವೆಲ್ಲ ಅವಳು ಬರೆದಳು, ಹರಿದಳು, ಬರೆದಳು, ಹರಿದಳು. ನಾಲ್ಕು ಗಂಟೆ ಹೊತ್ತಿಗೆ ಹೊಸ ಕಾಗದ ಬಾಗಿಲಿಗೆ ಬಂತು. ಅದರಲ್ಲಿ ಮನುಷ್ಯನೇ ಇರಲಿಲ್ಲ. ಗುಂಡಿ, ರಿಬ್ಬನ್, ಗಾಳಿಯಲ್ಲಿ ತಾನಾಗಿ ನಿಂತ ಕತ್ತರಿ, ಚಪ್ಪಾಳೆ ತಟ್ಟುವ ಎರಡು ಕೈ. ಕೆಳಗೆ ದುಂಡಗಿನ ಅಕ್ಷರದಲ್ಲಿ ಎರಡು ಸಾಲು:

"ಭುಜದ ವಿಷಯಕ್ಕೆ ಕ್ಷಮೆ ಕೇಳ್ತೀನಿ. ಗುಂಡಿ ವಿಷಯಕ್ಕೆ ಕೇಳಲ್ಲ."

ಮೊದಲ ಚಿತ್ರಕ್ಕೆ ಜನ ನಕ್ಕಿದ್ದರು. ಇದರ ಮುಂದೆ ಸುಮ್ಮನೆ ನಿಂತರು. ಚಿತ್ರದಲ್ಲಿ ಯಾರೂ ಇಲ್ಲದ್ದರಿಂದ ಎಲ್ಲರಿಗೂ ಜಾಗ ಸಿಕ್ಕಿತ್ತು. ವಾರ್ಡಿನ ಸದಸ್ಯರು ಬಂದು, ಯಾರೂ ಕೇಳದೆ ಇದ್ದರೂ, "ಆ ಕತ್ತರಿ ನಂದಲ್ಲಮ್ಮ," ಅಂದರು. ಕಂಟ್ರಾಕ್ಟರು ತನ್ನ ಗಾಡಿಯನ್ನು ಪಕ್ಕದ ಬೀದಿಯಲ್ಲಿ ತಿರುಗಿಸಿಕೊಂಡು ಹೋಗತೊಡಗಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಇಲ್ಲಿ ಅರ್ಧ ಪುರಸಭೆಯೇ ಹೆಗಲು ಒರೆಸಿಕೊಳ್ಳುತ್ತಿತ್ತು.

ಪುರಸಭೆ ಸುಮ್ಮನಿರಲಿಲ್ಲ. ಅನುಮತಿಯಿಲ್ಲದೆ ಕಟ್ಟಡದ ಹೊರಭಾಗದಲ್ಲಿ ಫಲಕ ತೂಗುಹಾಕಿದ್ದಕ್ಕೆ ನೋಟಿಸ್ ಕೊಡಿ ಅಂತ ಮೇಲಿಂದ ಆದೇಶ ಬಂತು. ಟೈಪ್ ಮಾಡಬೇಕಾದವನು ನಮ್ಮಣ್ಣ. ಅತ್ತ ದರಿ, ಇತ್ತ ಪುಲಿ. ಪಾಪ, ಟೈಪ್ ಮಾಡಿದ. ಜಾರಿ ಮಾಡುವ ಪೇದೆ, "ಹೇಗೂ ನೀವು ಅಲ್ಲಿಗೇ ಹೋಗ್ತೀರಲ್ಲ ಸಾರ್," ಅಂತ ಅದನ್ನು ಇವನ ಚೀಲಕ್ಕೇ ಹಾಕಿ ಕಳಿಸಿದ. ಮನೆಗೆ ಬಂದವನು ಚಪ್ಪಲಿಯನ್ನೂ ಬಿಡದೆ ಹೆಂಡತಿಯ ಮುಂದೆ ಕಾಗದ ಹಿಡಿದ.

"ಇಲ್ಲಿ ಒಂದು ಸಹಿ ಹಾಕು."

ಅತ್ತಿಗೆ ಓದಿದಳು. "ಸ್ವೀಕರಿಸಿದವರ ಸಹಿ ಅಂತಿದೆ. ಕೊಟ್ಟವರನ್ನ ಇಪ್ಪತ್ತು ವರ್ಷದ ಹಿಂದೆನೇ ಸ್ವೀಕರಿಸಿದೀನಲ್ಲ, ಅದೇ ಸಾಕಾಗಲ್ವಾ?"

ಅಮ್ಮ ಒಳಗಿಂದ ನಕ್ಕಳು. ಅಣ್ಣ ನಗಬೇಕೋ ಅಳಬೇಕೋ ತಿಳಿಯದೆ ಅಲ್ಲೇ ಕುಸಿದು ಕೂತ. ಅವನ ಮುಖ ನೋಡಿ ಅತ್ತಿಗೆ ಮೆತ್ತಗಾದಳು. ಸಹಿ ಹಾಕಿದಳು, ಹೊರಗಿದ್ದ ಚಿತ್ರವನ್ನು ಕೂಡಲೇ ತೆಗೆದಳು. "ನಿಮ್ಮ ಕೆಲಸಕ್ಕೆ ತೊಂದರೆ ಆಗೋ ಹಾಗೆ ಮಾಡಲ್ಲ. ಹೊರಗಡೆ ತೂಗುಹಾಕಬಾರದು, ಅಷ್ಟೇ ತಾನೇ ಇದರಲ್ಲಿ ಇರೋದು?" ಅಂದಳು. ಅಣ್ಣ ತಾನೇ ಟೈಪ್ ಮಾಡಿದ್ದನ್ನು ಇನ್ನೊಮ್ಮೆ ಓದಿ, "ಹೌದು, ಅಷ್ಟೇ," ಅಂದ.

ಹೊಲಿದ ಬಟ್ಟೆಗಳನ್ನು ಅವಳು ಮೊದಲಿಂದಲೂ ಖಾಕಿ ಕಾಗದದಲ್ಲೇ ಸುತ್ತಿ ಕೊಡುತ್ತಿದ್ದಳು. ಮಾರನೇ ದಿನದಿಂದ ಒಂದೊಂದು ಪೊಟ್ಟಣದ ಒಳಮೈಯಲ್ಲೂ ಗುಂಡಿ, ಕತ್ತರಿ, ಎರಡು ಕೈ. ಒಂದು ಬಾಗಿಲಲ್ಲಿ ತೂಗುತ್ತಿದ್ದದ್ದು ಈಗ ಮನೆ ಮನೆ ಸೇರಿತು. ಗುರುವಾರ ಅಧ್ಯಕ್ಷರ ಕೋಟೂ ಅದೇ ಕಾಗದದಲ್ಲಿ ಹೋಯಿತು. ಹೊಸ ಅಸ್ತರು, ಎಡಭುಜಕ್ಕೆ ಹೊಸ ಮೆತ್ತೆ. ಇವರಿಗೆ ಆ ಕಾಗದದಲ್ಲಿ ಸುತ್ತಬೇಡಿ ಅತ್ತಿಗೆ ಅಂತ ನಾನು ಕೈ ಹಿಡಿದುಕೊಂಡೆ. "ಬೇರೆಯವರಿಗೆಲ್ಲ ಕೊಟ್ಟು ಅವರೊಬ್ಬರಿಗೆ ಕೊಡದೆ ಇದ್ರೆ ಅದು ಬೆನ್ನ ಹಿಂದೆ ಮಾತಾಡಿದ ಹಾಗಾಗುತ್ತೆ," ಅಂದಳು.

ಎರಡು ದಿನ ಬಿಟ್ಟು ಅಧ್ಯಕ್ಷರೇ ಬಂದರು. ಒಬ್ಬರೇ, ನಡೆದುಕೊಂಡು. ಹಲಗೆ ಹಿಡಿಯುವವರು ಇಲ್ಲದ್ದರಿಂದ ಗುಂಡಿಯ ಅಂಚಿನಲ್ಲಿ ಗೋಡೆ ಹಿಡಿದುಕೊಂಡು ಬಂದರು, ಬೂಟಿಗೆ ಕೆಸರಾಗಿತ್ತು. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ನಿಮ್ಮ ಕಾಗದ ತಲುಪಿತು," ಅಂದರು. "ಆ ಚಪ್ಪಾಳೆ ಹೊಡೀತಿರೋ ಕೈ ಯಾರದ್ದು?"

"ಪೋಸ್ಟ್‌ಮ್ಯಾನ್ ಅಜ್ಜಂದು. ಕೊನೇ ಮನೆ. ಇನ್ನೂ ಮಂಚದ ಮೇಲೇ ಇದ್ದಾರೆ."

ಅವರು ಅಲ್ಲಿಂದ ನೇರ ಕೊನೇ ಮನೆಗೆ ಹೋದರು. ಅರ್ಧ ಗಂಟೆ ಒಳಗಿದ್ದರು. ಏನು ಮಾತಾಡಿದರೋ ಅಜ್ಜ ಇವತ್ತಿಗೂ ಹೇಳಿಲ್ಲ. ಮುಂದಿನ ವಾರ ಹೂಳು ತೆಗೆಯುವವರು ಬಂದರು, ಅವರ ಹಿಂದೆಯೇ ಚಪ್ಪಡಿಗಳೂ ಬಂದವು. ಹಾಗಂತ ಅಧ್ಯಕ್ಷರು ಒಂದೇ ದಿನಕ್ಕೆ ಬದಲಾಗಿಬಿಟ್ಟರು ಅಂತ ತಿಳಿಯಬೇಡಿ. ಪಕ್ಕದ ಬೀದಿಯ ಗುಂಡಿ ಇನ್ನೂ ಒಂದು ವರ್ಷ ಹಾಗೇ ಇತ್ತು, ಅತ್ತಿಗೆಗೆ ಕೊಟ್ಟ ನೋಟಿಸನ್ನು ಯಾರೂ ವಾಪಸ್ ತೆಗೆದುಕೊಳ್ಳಲೂ ಇಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯೋಕೆ ನಾನು ಕೂರುತ್ತಿರಲಿಲ್ಲ. ದೊಡ್ಡವರನ್ನು ಚುಚ್ಚಿದರೆ ಬೀದಿ ನಮ್ಮ ಜೊತೆ ನಿಲ್ಲುತ್ತೆ. ಬೀದಿಯನ್ನೇ ಚುಚ್ಚಿದರೆ?

ಹೂಳು ತೆಗೆದವರಲ್ಲಿ ಒಬ್ಬ ನಡುವಯಸ್ಸಿನವನಿದ್ದ. ಕುತ್ತಿಗೆಮಟ್ಟ ಕೆಸರಿಗಿಳಿದು ಮೂರು ದಿನ ಕೆಲಸ ಮಾಡಿದ. ಬೀದಿಯವರೆಲ್ಲ ಅವನನ್ನು ಹೊಗಳಿದ್ದೇ ಹೊಗಳಿದ್ದು. ಅವನಿದ್ದದ್ದು ಊರಾಚೆ, ಬೆಳಗಿನ ಜಾವ ಕೆಲಸಕ್ಕೆ ಬರೋದು ಕಷ್ಟ. ಹೆಂಡತಿ, ಮಗಳ ಜೊತೆ ಇರೋಕೆ ಈ ಬೀದಿಯಲ್ಲೇ ಒಂದು ಬಾಡಿಗೆ ಮನೆ ಸಿಗುತ್ತಾ ಅಂತ ಕೇಳಿದ. ಮೂರು ಮನೆಗೆ "ಬಾಡಿಗೆಗಿದೆ" ಬೋರ್ಡು ಇತ್ತು. ಒಬ್ಬರು ಮೊನ್ನೆ ತಾನೇ ಕೊಟ್ಟುಬಿಟ್ವಿ ಅಂದರು, ಇನ್ನೊಬ್ಬರು ಸುಣ್ಣ ಬಳಿಸಬೇಕು ಅಂದರು, ಮೂರನೆಯವರು ಬಾಗಿಲನ್ನೇ ತೆರೆಯಲಿಲ್ಲ. ನಮ್ಮ ಮಹಡಿಯ ಕೋಣೆಯೂ ಖಾಲಿ ಇತ್ತು. ಅಮ್ಮ, "ನೆಂಟರು ಬಂದ್ರೆ ಬೇಕಾಗುತ್ತಪ್ಪ," ಅಂದಳು. ನಮ್ಮ ಮನೆಗೆ ನೆಂಟರು ಬಂದು ಆರು ವರ್ಷವಾಗಿತ್ತು.

ಆ ವಾರದ ಪೊಟ್ಟಣಗಳಲ್ಲಿ ಸಾಲಾಗಿ ನಾಲ್ಕು ಬಾಗಿಲು ಬಂದವು. ಭುಜದ ಪ್ರಸಂಗವಾದ ಮೇಲೆ ಅತ್ತಿಗೆ ಯಾರ ಮೈಯನ್ನೂ ಬರೆದಿರಲಿಲ್ಲ, ಇಲ್ಲೂ ಬರೆಯಲಿಲ್ಲ. ಮೂರು ಬಾಗಿಲಿನ ಮೇಲೆ "ಬಾಡಿಗೆಗಿದೆ" ಅಂತಿತ್ತು, ಹಿಡಿಕೆ ಮಾತ್ರ ಇರಲಿಲ್ಲ. ನಾಲ್ಕನೆಯದಕ್ಕೆ ಬಾಗಿಲಿಗಿಂತ ದೊಡ್ಡ ಹಿತ್ತಾಳೆ ಬೀಗ. ಬಾಗಿಲ ಮುಂದೆ ಒಂದು ಜೊತೆ ತೊಳೆದ, ಒದ್ದೆ ಚಪ್ಪಲಿ.

ಅಮ್ಮ ಆ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

"ನಮ್ಮ ಬೀಗ ಇಷ್ಟು ದೊಡ್ಡದಿಲ್ಲ," ಅಂದಳು.

"ಒಳಗಿಂದ ನೋಡಿದ್ರೆ ಇಲ್ಲ ಅತ್ತೆ," ಅಂದಳು ಅತ್ತಿಗೆ. "ಹೊರಗೆ ನಿಂತವನಿಗೆ ಅಷ್ಟೇ ದೊಡ್ಡದಾಗಿ ಕಾಣುತ್ತೆ."

ಎರಡು ದಿನ ಅಮ್ಮ ಸೊಸೆಯ ಜೊತೆ ಮಾತು ಬಿಟ್ಟಳು. ಬೀದಿಯಲ್ಲಿ ಅದಕ್ಕಿಂತ ಜೋರಾಯಿತು. ಐದಾರು ಮನೆಯವರು ಹೊಲಿಯೋಕೆ ಕೊಟ್ಟಿದ್ದ ಬಟ್ಟೆಯನ್ನು ಹಾಗೇ ವಾಪಸ್ ಒಯ್ದರು. "ಮನೆಯವರ ಮಾನವನ್ನೇ ಕಳೆಯೋಳು, ನಮ್ಮನ್ನ ಬಿಡ್ತಾಳಾ?" ಅಂತ ಚಹಾ ಅಂಗಡಿಯಲ್ಲಿ ಮಾತು. ಅಧ್ಯಕ್ಷರ ಭುಜ ಕಂಡು ನಕ್ಕವರೇ ಈಗ ಅಂಗಡಿ ಮುಂದೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಎರಡನೇ ಯಂತ್ರಕ್ಕೆ ಹೊದಿಕೆ ಬಿತ್ತು. ವಾಪಸ್ ಹೋಗುವ ಬಟ್ಟೆಯನ್ನೂ ಅತ್ತಿಗೆ ನೀಟಾಗಿ ಮಡಚಿಯೇ ಕೊಟ್ಟಳು. ಅವತ್ತು ಅವಳ ಪಕ್ಕಕ್ಕೆ ಬಂದು ನಿಂತವನು ನಮ್ಮಣ್ಣ. ಬಾಗಿಲಲ್ಲಿ ನಿಂತು ಜೋರಾಗಿ ಏನೋ ಬೈಯುತ್ತಿದ್ದ ಒಬ್ಬರಿಗೆ, "ಅವಳು ಬರೆದದ್ದರಲ್ಲಿ ಸುಳ್ಳು ಯಾವುದು ಹೇಳಿ, ನಾನೇ ನೋಟಿಸ್ ಟೈಪ್ ಮಾಡ್ತೀನಿ," ಅಂದ. ಅಣ್ಣನ ದನಿ ಅಷ್ಟು ದೊಡ್ಡದು ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ಮೂರನೇ ದಿನ ಬೆಳಿಗ್ಗೆ ಅಮ್ಮ ಗೊಂಚಲಿನಿಂದ ಒಂದು ಬೀಗದ ಕೈ ಬಿಡಿಸಿ ಮೇಜಿನ ಮೇಲಿಟ್ಟಳು. "ಆ ಕೋಣೇಲಿ ಇಲಿ ಸೇರ್ಕೊಂಡಿವೆ. ಮನುಷ್ಯರು ಇದ್ರೆ ಗಾಳಿ ಬೆಳಕಾದ್ರೂ ಆಡುತ್ತೆ," ಅಂತ ಗೋಡೆಯ ಕಡೆ ನೋಡುತ್ತಾ ಹೇಳಿದಳು. ಅತ್ತಿಗೆ ಗೆದ್ದ ಮುಖ ತೋರಿಸಲಿಲ್ಲ. "ಹೌದತ್ತೆ, ಇಲಿ ಕಾಟ ಜಾಸ್ತಿ," ಅಂದಳು.

ಆ ಮೂವರು ನಮ್ಮ ಮಹಡಿಗೆ ಬಂದು ಈಗ ಒಂಬತ್ತು ವರ್ಷವಾಯಿತು. ವಾಪಸ್ ಹೋದ ಗಿರಾಕಿಗಳಲ್ಲಿ ಅರ್ಧದಷ್ಟು ಜನ ಒಬ್ಬೊಬ್ಬರಾಗಿ ಮರಳಿ ಬಂದರು. ಉಳಿದವರು ಬರಲೇ ಇಲ್ಲ. ಒಂದು ವಾರಪತ್ರಿಕೆಯವರು ಬಂದು, ನಮಗೇ ಬರೆದುಕೊಡಿ, ಹೆಸರು ಹಾಕ್ತೀವಿ ಅಂತ ಕೇಳಿದ್ದರು. ಪತ್ರಿಕೆಯನ್ನು ಬೇಕಾದವರು ಮಾತ್ರ ಕೊಳ್ಳುತ್ತಾರೆ, ಅಂಗಿ ಎಲ್ಲರಿಗೂ ಬೇಕು ಅಂತ ಅತ್ತಿಗೆ ಒಪ್ಪಲಿಲ್ಲ.

ನಾನು ಬದುಕಿನಲ್ಲಿ ಧೈರ್ಯದ ಮಾತಾಡುವವರನ್ನು ಬಹಳ ಜನ ನೋಡಿದೆ. ತಪ್ಪನ್ನು ಊರ ಮುಂದೆ ಒಪ್ಪಿಕೊಂಡು, ಸರಿಯಾದದ್ದನ್ನು ಮಾತ್ರ ಬಿಟ್ಟುಕೊಡದೆ ನಿಂತವರಲ್ಲಿ ಇವಳೊಬ್ಬಳನ್ನೇ ನೋಡಿದ್ದು.

ನಿನ್ನೆ ಶಾಲೆಯಿಂದ ಬಂದಾಗ ಅತ್ತಿಗೆ ಕಾಗದದ ಮುಂದೆ ತಲೆ ಕೆರೆದುಕೊಳ್ಳುತ್ತಾ ಕೂತಿದ್ದಳು. ಹೊಸ ಬಸ್ ನಿಲ್ದಾಣಕ್ಕೆ ಚಾವಣಿ ಹಾಕಿದ್ದಾರಂತೆ, ಆದರೆ ಜನ ಕೂರುವ ಬೆಂಚು ಅದರ ಹೊರಗಿದೆಯಂತೆ.

"ಬೆಂಚು ಬರೆದೆ, ಚಾವಣಿ ಬರೆದೆ," ಅಂದಳು. "ಈ ಸುಡು ಬಿಸಿಲನ್ನ ಹೇಗೆ ಬರೆಯೋದು ಹೇಳೇ ಮೇಷ್ಟ್ರಮ್ಮ?"