ಹುಲಗೆಮ್ಮನ ಎಡೆಯಿಲ್ಲದ ಅಪ್ಪ

ಹುಲಗೆಮ್ಮನನ್ನು ಮೊದಲ ಸಲ ನೋಡುವವರು ತೂಕದಲ್ಲಿ ಮೋಸ ಹೋಗುತ್ತಾರೆ. ಎತ್ತಿ ನೋಡಿದರೆ ಹಗುರ. ಬಿಸಿಲಿಗೆ ಒಣಗಿ ಸುಕ್ಕಾದ ಕಾಳು, ಬಣ್ಣ ಹೋಗಿದೆ. ಹಲ್ಲಿಗೆ ಹಾಕಿದರೆ ಮಾತ್ರ ಕಟ್ ಎನ್ನುತ್ತದೆ. ಒಳಗೆ ತೇವವಿಲ್ಲ, ಹುಳ ಬಿದ್ದಿಲ್ಲ. ಕುಷ್ಟಗಿಯಲ್ಲಿ ಬೇಳೆಕಾಳಿನ ವ್ಯಾಪಾರ ಮಾಡುತ್ತಲೇ ಕೂದಲು ನೆರೆಸಿಕೊಂಡವನು ನಾನು. ಇಂಥ ಮಾಲು ಕಂಡರೆ ಬೇರೆ ಚೀಲಕ್ಕೆ ಹಾಕಿಸುತ್ತೇನೆ. ಎಂಬತ್ತು ದಾಟಿದ ಈ ಮುದುಕಿಗೆ ಯಾವ ಚೀಲವೆಂಬುದು ಬಹಳ ವರ್ಷ ತಿಳಿಯಲಿಲ್ಲ.

ಪ್ರತಿ ಸುಗ್ಗಿಗೆ ಮಡಕೆ ಎಂಬ ಸಣ್ಣ ಕಾಳನ್ನು ಮಾರಲು ತರುತ್ತಿದ್ದಳು. ಕಾಳು ಸ್ವಲ್ಪ, ತಕರಾರು ಬಹಳ.

“ಸಾವಕಾರ, ನಿನ್ನ ತಕ್ಕಡಿ ಬಸುರಿ ಐತೇನೋ? ಬಂದಾಗೊಮ್ಮೆ ಬ್ಯಾರೆ ತೂಕ ಹೇಳತೈತಿ.”

“ನಿನ್ನ ಕಾಳೂ ಹಂಗ ಅದಾವ ಬೇ. ಬಂದಾಗೊಮ್ಮೆ ಹೊಸಾ ಕಲ್ಲು ಹಡೀತಾವ.”

ಗಂಡ ತೀರಿಕೊಂಡ ಮೇಲೆ ಕೂಲಿ ಮಾಡಿ ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದವಳು. ಈಗಲೂ ಮಗನ ದಾಳಿಂಬೆ ತೋಟದಲ್ಲಿ ಕಳೆ ಕೀಳುತ್ತಾಳೆ. ಬಿಡು ಅಂದರೆ ಬೈಯುತ್ತಾಳೆ. ಹೋದ ವರ್ಷ ಮಳೆಗಾಲದ ಕೊನೆಗೆ ಕಾಳಿಲ್ಲದೆ ಬರಿಗೈಯಲ್ಲಿ ಅಂಗಡಿಗೆ ಬಂದಳು. ನನಗೆ ಆಗಲೇ ಸಂಶಯ ಬಂತು. ಕಾಳಿಲ್ಲದೆ ಬಂದವರು ಏನೋ ಕೇಳುವುದಕ್ಕೇ ಬಂದಿರುತ್ತಾರೆ.

“ನಿನ್ನ ಮೊಬೈಲಿನ್ಯಾಗ ಸತ್ತವರು ಸಿಗತಾರಂತಲ್ಲ?”

“ಇದ್ದವರ ಫೋನ್ ಎತ್ತವಲ್ರು ಬೇ. ಸತ್ತವರೇನು ಸಿಗತಾರ?”

ಅವಳು ನಗಲಿಲ್ಲ. ಯಲಬುರ್ಗಾದ ಒಂದು ಮನೆಯವರು ಯುದ್ಧಕ್ಕೆ ಹೋದ ತಮ್ಮ ಮುತ್ತಜ್ಜನ ಹೆಸರನ್ನು ಮೊಬೈಲಿನಲ್ಲಿ ಹುಡುಕಿದ್ದರಂತೆ. ಸಿಂಗಾಪುರದ ಸ್ಮಾರಕದ ಗೋಡೆಯ ಮೇಲೆ ಅದನ್ನು ಕೆತ್ತಿದ್ದಾರಂತೆ. ಹುಲಗೆಮ್ಮನ ಅಪ್ಪ ಗಾದಿಲಿಂಗಪ್ಪನೂ ಅದೇ ಎರಡನೇ ಮಹಾಯುದ್ಧಕ್ಕೆ ಹೋದವನು. ನಿಜಾಮನ ಕಾಲ; ಇವಳಿನ್ನೂ ತಾಯಿಯ ಹೊಟ್ಟೆಯಲ್ಲಿದ್ದಳು. ಅವನು ತಿರುಗಿ ಬರಲಿಲ್ಲ. ಸತ್ತನೆಂಬ ಸುದ್ದಿಯೂ ಬರಲಿಲ್ಲ. ಮಲಯ ದೇಶದಲ್ಲಿ ಬೇರೆ ಸಂಸಾರ ಹೂಡಿದ್ದಾನೆಂದು ಊರವರೇ ಒಂದು ಸುದ್ದಿ ಮಾಡಿಕೊಂಡರು.

“ನಮ್ಮವ್ವ ಬಳಿ ತೊಟ್ಟಕೊಂಡ ಸತ್ಲು,” ಎಂದಳು. “ಅಮಾಸಿಗೆ ಎಲ್ಲಾ ಹಿರೇರಿಗೂ ಎಡಿ ಇಡತೀನಿ, ಅಪ್ಪಗ ಇಡಂಗಿಲ್ಲ. ಜೀವ ಇದ್ದಾಂವಗ ಎಡಿ ಇಟ್ರ ಪಾಪ. ಸತ್ತಾಂವಗ ಇಡಲಿಲ್ಲಂದ್ರ ಅಂವ ಉಪಾಸ. ನಾ ಹೋಗೂದ್ರಾಗ ಯಾವುದಂತ ಒಂದು ಹೇಳಿಬಿಡು.”

“ನಾನ ಯಾಕ ಬೇ?”

“ನಿಮ್ಮ ಮನ್ಯಾಗ ದುಡೀತಿದ್ದ ನಮ್ಮಪ್ಪ. ನಿಮ್ಮ ಮುತ್ತ್ಯಾನ ಕಾಲದಾಗ.”

ಹಳೆಯ ಸಂಬಂಧ ಹೇಳಿಕೊಂಡು ಬರುವ ಗಿರಾಕಿಗಳು ನನಗೆ ಹೊಸಬರಲ್ಲ. ಆಗಲಿ ಎಂದೆ. ವಾರದ ಕೆಲಸ ಅಂದುಕೊಂಡಿದ್ದು ವರ್ಷ ಹಿಡಿಯಿತು. ಕೊಪ್ಪಳದ ಕಚೇರಿಯಲ್ಲಿ, ಯುದ್ಧದ ಕಾಲಕ್ಕೆ ಕೊಪ್ಪಳ ಜಿಲ್ಲೆಯೇ ಇರಲಿಲ್ಲ, ರಾಯಚೂರಿಗೆ ಹೋಗಿ ಎಂದರು. ರಾಯಚೂರಿನವರು ಅದು ಹೈದರಾಬಾದಿನ ಫೌಜು ಎಂದರು. ಹೈದರಾಬಾದಿಗೆ ಬರೆದದ್ದಕ್ಕೆ ಉತ್ತರವೇ ಇಲ್ಲ. ಹುಲಗೆಮ್ಮ ಪ್ರತಿ ಕಚೇರಿಯ ಮೆಟ್ಟಿಲ ಮೇಲೂ ಕೂತು ನಿದ್ದೆ ಮಾಡಿದಳು. ಎಬ್ಬಿಸಿದರೆ, “ಬಂದನೇನು?” ಎಂದು ಕೇಳುತ್ತಿದ್ದಳು, ಸಾಹೇಬನನ್ನೋ ಅಪ್ಪನನ್ನೋ, ನಾನು ವಿಚಾರಿಸಲಿಲ್ಲ. ಮೊಬೈಲಿನಲ್ಲಿ ಗಾದಿಲಿಂಗಪ್ಪ ಎಂಬ ಹೆಸರನ್ನು ಎಷ್ಟು ಬಗೆಯಲ್ಲಿ ಒತ್ತಿದರೂ ಗೋಡೆಯ ಮೇಲೆ ಅವನಿರಲಿಲ್ಲ. ಬಿಟ್ಟುಬಿಡೋಣ ಅಂತ ನನಗೂ ಅನ್ನಿಸಿತ್ತು.

ಅಷ್ಟರಲ್ಲಿ ಗಂಗಾವತಿಯ ಅಕ್ಕಿ ವ್ಯಾಪಾರಿಯೊಬ್ಬ ನೂರಸಾಬನ ಹೆಸರು ಹೇಳಿದ. ರೈಸ್ ಮಿಲ್ಲಿನಲ್ಲಿ ಮೇಸ್ತ್ರಿಯಾಗಿದ್ದು ಈಗ ಮನೆಯಲ್ಲಿರುವ ಮುದುಕ. ಅವನ ಅಪ್ಪ ಮಲಯದಲ್ಲಿ ಸೆರೆ ಸಿಕ್ಕು, ಯುದ್ಧ ಮುಗಿದ ಮೇಲೆ ಬದುಕಿ ಬಂದಿದ್ದನಂತೆ. ಹುಲಗೆಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದೆ.

ನೂರಸಾಬ ಚಹಾ ತರಿಸಿ, ಹೆಸರು ಕೇಳಿ, ಬಹಳ ಹೊತ್ತು ಗಡ್ಡ ಸವರಿಕೊಂಡ.

“ಗಾದಿಲಿಂಗ ಅಂತ ಹುಡುಕಿದ್ರ ಹ್ಯಾಂಗ ಸಿಗತಾನ ಬೇ?” ಎಂದ. “ಅಲ್ಲಿ ಅವನ ಹೆಸರ ಬ್ಯಾರೆ ಇತ್ತು. ನಮ್ಮ ಅಬ್ಬಾ ಹೇಳಿ ಹೇಳಿ ನಗತಿದ್ದ. ಮುಂಜಾನಿ ಹಾಜರಿ ಕರಿಯೋವಾಗ ‘ಅಂದಪ್ಪ’ ಅಂದ್ರ ಈತ ಎತ್ಲಾಗೋ ನೋಡ್ಕೋಂತ ನಿಂತಿರ್ತಿದ್ದ. ಬಾಜೂದವರು ತಿವಿದು, ಏ ಸಾವಕಾರ, ನಿನ್ನ ಕರಿಯಾಕ ಹತ್ಯಾರ ಅನ್ನಬೇಕು. ಆಮ್ಯಾಲೆ ಶಿಕ್ಷಾ. ಬಂದೂಕ ತಲಿ ಮ್ಯಾಲ ಹಿಡಕೊಂಡ ಓಡೂದು.”

“ಯಾವ ಅಂದಪ್ಪ?” ಎಂದೆ.

“ಕುಷ್ಟಗಿ ಕಾಳಿನ ಸಾವಕಾರ್ರ ಮಗ. ಅಪ್ಪನ ಕೂಡ ಜಗಳಾಡಿ ಫೌಜಿಗೆ ಹೆಸರು ಬರಿಸಿ ಬಂದಿದ್ದನಂತ. ತಾಯಿ ಅತ್ತು ಕರದು ಮಾಡಿದಳು, ಅವನ ಬದಲಿ ಆಳಮಗನ್ನ ಕಳಿಸಿದ್ರು. ಮಾರಿ ಯಾರು ನೋಡತಾರ? ಹೆಸರಿಗೊಬ್ಬ ಇದ್ರಾತು.”

ಅಂದಪ್ಪ ನನ್ನ ಅಜ್ಜ. ಒಂದು ದಿನದ ಸಿಪಾಯಿ ಎಂದು ಅವನನ್ನು ಮದುವೆ ಮನೆಗಳಲ್ಲಿ ಕಾಡಿಸುತ್ತಿದ್ದದ್ದು ನನಗೆ ನೆನಪಿದೆ. ಫೌಜಿಗೆ ಸೇರಿ ಮರುದಿನವೇ ತಾಯಿಯ ಕೈಯಡುಗೆ ನೆನೆದು ತಿರುಗಿ ಬಂದನಂತೆ ಎಂದು ನಗುತ್ತಿದ್ದರು. ಬದಲಿಗೆ ಹೋದವನ ಮಾತನ್ನು ಯಾರೂ ಎತ್ತಿರಲಿಲ್ಲ.

ಹುಲಗೆಮ್ಮ ಚಹಾದ ಬಟ್ಟಲನ್ನು ಕೆಳಗಿಟ್ಟು, “ಸತ್ತಾನೋ ಇಲ್ಲೋ?” ಎಂದಳು.

“ಸಮುದ್ರದ ದಂಡ್ಯಾಗ ಗುಂಡು ಬಿತ್ತು. ಅಬ್ಬಾ ಕಣ್ಣಾರೆ ನೋಡ್ಯಾನ.”

“ಬಾಯಿಗೆ ನೀರ ಬಿಟ್ರೇನು?”

“ಅದನ್ನ ಹೇಳಲಿಲ್ಲ ಬೇ ಅಬ್ಬಾ,” ಎಂದ ನೂರಸಾಬ. ಆಮೇಲೆ ಸೇರಿಸಿದ: “ಸೆರಿ ಬಿಟ್ಟು ಬಂದವನ ಕುಷ್ಟಗಿಗೆ ಹೋಗಿ ಆ ಸಾವಕಾರ್ರ ಮನ್ಯಾಗ ಹೇಳಿ ಬಂದಿದ್ದ. ಗಾದಿಲಿಂಗನ ಹೆಣ್ತಿಗೆ ನಾವು ಹೇಳತೀವಿ, ನೀ ಹೋಗು ಅಂದ್ರಂತ. ಹೇಳಲಿಲ್ಲೇನು?”

ಹುಲಗೆಮ್ಮ ಇಲ್ಲವೆಂದು ತಲೆಯಾಡಿಸಿದಳು. ಆಗ ಅವನು ನನ್ನ ಕಡೆ ತಿರುಗಿ, “ತಾವು ಯಾರ ಪೈಕಿ?” ಎಂದು ಕೇಳಿದ. ವ್ಯಾಪಾರದಲ್ಲಿ ಇಂಥ ಪ್ರಶ್ನೆಗಳನ್ನು ಜಾರಿಸುವುದು ನನಗೆ ಬರುತ್ತದೆ. ಅಂದು ಮಾತ್ರ ಅಂದಪ್ಪನ ಮೊಮ್ಮಗ ಎಂದು ಹೇಳಿದೆ. ಅವನು ಚಹಾ ಆರುತ್ತದೆ, ಕುಡಿಯಿರಿ ಎಂದ.

ತಿರುಗಿ ಬರುವಾಗ ದಾರಿಯಲ್ಲಿ ಕಾರು ನಿಲ್ಲಿಸಿ ಮೊಬೈಲಿನಲ್ಲಿ ಅಜ್ಜನ ಹೆಸರನ್ನು ಒತ್ತಿದೆ. ಇತ್ತು. ಅಂದಪ್ಪ, ಅವನ ಅಪ್ಪನ ಹೆಸರು, ಕುಷ್ಟಗಿ. ನನ್ನನ್ನು ಹೆಗಲ ಮೇಲೆ ಹೊತ್ತು ಸಂತೆ ತೋರಿಸಿದ ಮನುಷ್ಯ ಆ ಗೋಡೆಯ ಮೇಲೆ ನಾನು ಹುಟ್ಟುವುದಕ್ಕಿಂತ ಎಷ್ಟೋ ಮೊದಲೇ ಸತ್ತಿದ್ದ. ಹುಲಗೆಮ್ಮನಿಗೆ ತೋರಿಸಿದೆ. ಅವಳಿಗೆ ಓದಲು ಬರುವುದಿಲ್ಲ. ಅಕ್ಷರದ ಮೇಲೆ ಬೆರಳಿಟ್ಟಳು. ಮೊಬೈಲಿನ ಪರದೆ ಸರಿದು ಬೇರೆ ಯಾರದೋ ಹೆಸರು ಬಂತು.

“ಹೆಸರು ತಿದ್ದಸ್ತೀನಿ ಬೇ. ನಮ್ಮ ಮನಿಯವರು ಮಾಡಿದ್ದು ಅಂತ ನಾನ ಬರದ ಕೊಡತೀನಿ.”

“ಯಾರ ಓದಾಕ? ಅಲ್ಲಿ ಯಾರದಾರ ನಮ್ಮವರು?” ಎಂದಳು. “ನಮ್ಮವ್ವಗ ಒಂದ ಮಾತು ಹೇಳಬೇಕಿತ್ತು ನಿಮ್ಮವರು. ದಿನಾ ಬಾಗಲಾ ಅರ್ಧಾ ತಗದ ಇಟ್ಟ ಮಲಗತಿದ್ಲು. ನಾಯಿ ಬರತಿದ್ದುವು.”

ಅದರಲ್ಲಿ ಸಿಟ್ಟು ಇದ್ದಿದ್ದರೆ ನಾನು ಹೇಗೋ ಉತ್ತರ ಕೊಡುತ್ತಿದ್ದೆ. ದಣಿವಷ್ಟೇ ಇತ್ತು. ಸೀಟಿಗೆ ತಲೆ ಆನಿಸಿ ಊರು ಬರುವವರೆಗೆ ನಿದ್ದೆ ಹೋದಳು.

ಈ ವರ್ಷದ ಮಹಾಲಯ ಅಮಾವಾಸ್ಯೆಗೆ ಅವಳು ಗಾದಿಲಿಂಗಪ್ಪನಿಗೆ ಎಡೆ ಇಟ್ಟಳು. ಕಡುಬು, ಹೋಳಿಗೆ, ಹೊಸ ಧೋತರ. ನನ್ನನ್ನು ಕರೆದಿದ್ದಳು, ಹೋಗಿ ಹಿಂದೆ ನಿಂತಿದ್ದೆ. ಅಪ್ಪನ ಹೆಸರನ್ನು ಕೂಗಿ, ಬಂದು ಉಣ್ಣು ಎಂದಳು. ಆಮೇಲೆ ಗೋಡೆಗೆ ಒರಗಿ ಕೂತವಳು ಸಂಜೆಯವರೆಗೆ ಏಳಲಿಲ್ಲ. ಮೈಯಾಗ ಹುಷಾರಿಲ್ಲೇನು ಎಂದರೆ, “ಇಲ್ಲೋ, ಕಾಯೂ ಕೆಲಸ ಮುಗೀತು. ಈಗ ಕಾಲು ನೋಯಾಕ ಹತ್ಯಾವ,” ಎಂದಳು.

ನನ್ನ ಅಪ್ಪ ಹುಟ್ಟಿದ್ದು ಆ ಯುದ್ಧ ಮುಗಿದ ಮೇಲೆ. ಅವನೂ ನಾನೂ ನನ್ನ ಮಕ್ಕಳೂ ಇರುವುದು ಹುಲಗೆಮ್ಮನ ಅಪ್ಪ ನನ್ನ ಅಜ್ಜನ ಬದಲಿಗೆ ಹೋಗಿ ಸತ್ತದ್ದರಿಂದ. ಆ ಸಾವಿನ ಸುದ್ದಿಯನ್ನೂ ನಮ್ಮ ಮನೆಯವರು ಅವಳ ತಾಯಿಗೆ ಮುಟ್ಟಿಸಲಿಲ್ಲ. ಈ ಎರಡು ಸಾಲವನ್ನೂ ನಾನು ಹುಲಗೆಮ್ಮನಿಗೆ ತೀರಿಸಬೇಕು, ಇನ್ನೂ ತೀರಿಸಿಲ್ಲ.